ಒಳಗಿನವರೇ ದನಿ ಎತ್ತಿದರೆ ಕಂಪನಿ ಬಗ್ಗುತ್ತದಾ?

ನಮ್ಮದೇ ಕಂಪನಿ ವಿರುದ್ಧ ನಿಂತರೆ ಏನಾದರೂ ಬದಲಾಗುತ್ತದಾ, ಇಲ್ಲಾ ಸುಮ್ನೆ ಕೆಲಸ ಹೋಗುತ್ತದಾ ಎಂದು ಕೇಳಿದ್ದೀರಿ. ಎರಡೂ ಆಗಿದೆ, ಅದೂ ಒಂದೇ ಕಂಪನಿಯಲ್ಲಿ. 2018ರಲ್ಲಿ ಗೂಗಲ್‌ನ ಸಾವಿರಾರು ನೌಕರರು ಅಮೆರಿಕ ಸೇನೆಯ ಡ್ರೋನ್ ವಿಡಿಯೋ ಪರಿಶೀಲಿಸುವ ಪ್ರಾಜೆಕ್ಟ್ ಮೇವನ್ ಬೇಡವೆಂದು ಪತ್ರಕ್ಕೆ ಸಹಿ ಹಾಕಿದರು. ಕೆಲವರು ರಾಜೀನಾಮೆಯನ್ನೇ ಕೊಟ್ಟರು. ಕಂಪನಿ ಆ ಗುತ್ತಿಗೆ ಮುಂದುವರಿಸಲಿಲ್ಲ. ಅದೇ ವರ್ಷ ನವೆಂಬರ್‌ನಲ್ಲಿ, ಲೈಂಗಿಕ ಕಿರುಕುಳದ ದೂರುಗಳನ್ನು ಕಂಪನಿ ನಿಭಾಯಿಸಿದ ರೀತಿ ವಿರೋಧಿಸಿ ಸುಮಾರು 20,000 ಮಂದಿ ಕೆಲಸ ನಿಲ್ಲಿಸಿ ಕಚೇರಿಯಿಂದ ಹೊರಬಂದರು. ಸುಮಾರು ವಾರದೊಳಗೆ, ಅಂಥ ದೂರು ಕೋರ್ಟಿಗೆ ಹೋಗದಂತೆ ತಡೆದು ಖಾಸಗಿ ತೀರ್ಪುಗಾರರ ಮುಂದೆಯೇ ಇತ್ಯರ್ಥ ಮಾಡಿಸುತ್ತಿದ್ದ ಕಡ್ಡಾಯ ಮಧ್ಯಸ್ಥಿಕೆಯ ನಿಯಮವನ್ನು ಕಂಪನಿ ಕೈಬಿಟ್ಟಿತು. ಆದರೆ 2024ರಲ್ಲಿ, ಇಸ್ರೇಲ್ ಸರ್ಕಾರದ ಜತೆಗಿನ ಕ್ಲೌಡ್ ಒಪ್ಪಂದ ವಿರೋಧಿಸಿ ಕಚೇರಿಯಲ್ಲಿ ಧರಣಿ ಕೂತವರ ಕೆಲಸ ಹೋಯಿತು, ಒಪ್ಪಂದ ಉಳಿಯಿತು. ಹಾಗಾಗಿ ಕಂಪನಿ ಬಗ್ಗಬೇಕೆಂದರೆ ಜನ ಜಾಸ್ತಿ ಇರಬೇಕು, ಬೇಡಿಕೆ ಒಂದೇ ಸಾಲಿನಲ್ಲಿ ಹೇಳುವಂತಿರಬೇಕು. ನೀವೊಬ್ಬರೇ ಸಿಟ್ಟಿನಲ್ಲಿ ಮೇಲ್ ಕಳಿಸಬೇಡಿ. ಮೊದಲು ಪಕ್ಕದ ಟೀಮಿನವರ ಜತೆ ಮಾತಾಡಿ.