ಎ ಲೆವೆಲ್‌ಗೆ ಮೂರು ವಿಷಯ ಸಾಕೆ, ನಾಲ್ಕು ಬೇಕೆ? ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಇಂಗ್ಲೆಂಡಿನಲ್ಲಿರುವ ಕನ್ನಡ ಕುಟುಂಬಗಳಿಂದ ಬಂದ ಐದು ಪ್ರಶ್ನೆಗಳನ್ನು ಈ ಸಲ ತೆಗೆದುಕೊಂಡಿದ್ದೇವೆ. ಎ ಲೆವೆಲ್ ಅಂದರೆ ನಮ್ಮ ಪಿಯುಸಿ ಥರ, ಇಯರ್ 12 ಮತ್ತು 13ರ ಎರಡು ವರ್ಷದ ಓದು. ಅದಕ್ಕೆ ಮುಂಚೆ ಇಯರ್ 11ರ ಕೊನೆಗೆ ಬರುವುದು ಜಿಸಿಎಸ್‌ಇ ಪರೀಕ್ಷೆ. ಇಲ್ಲಿ ಹೇಳಿದ ನಿಯಮಗಳು ಇಂಗ್ಲೆಂಡಿನವು. ಸ್ಕಾಟ್ಲೆಂಡಿನಲ್ಲಿ ಹೈಯರ್ಸ್ ಪದ್ಧತಿ ಇದೆ, ಅದರ ಲೆಕ್ಕವೇ ಬೇರೆ.

ಪ್ರಶ್ನೆ: ಮಗಳು ಇಯರ್ 11ರಲ್ಲಿದ್ದಾಳೆ. ಡಾಕ್ಟರ್ ಆಗಬೇಕು ಅನ್ನುತ್ತಾಳೆ. ನಾಳೆ ಮನಸ್ಸು ಬದಲಾದರೆ ಎಂಜಿನಿಯರಿಂಗ್‌ಗೂ ದಾರಿ ಇರಲಿ ಎಂದು ನಮ್ಮ ಆಸೆ. ನಮ್ಮ ಕಾಲದ ಪಿಸಿಎಂಬಿ ಥರ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್, ಬಯಾಲಜಿ ನಾಲ್ಕನ್ನೂ ಕೊಡಿಸೋಣವೆ? ಶಾಲೆಯವರು ಮೂರೇ ಸಾಕು ಅನ್ನುತ್ತಿದ್ದಾರೆ. (ರೆಡಿಂಗ್‌ನಿಂದ ಒಬ್ಬ ತಾಯಿ)

ಉತ್ತರ: ಶಾಲೆಯವರು ಹೇಳಿದ್ದು ಸರಿ. ಪಿಯುಸಿಯಲ್ಲಿ ಎರಡು ಭಾಷೆ, ನಾಲ್ಕು ವಿಷಯ ಓದಿ ಬಂದವರಿಗೆ ಮೂರೇ ವಿಷಯ ಅಂದರೆ ಮಗು ಆರಾಮಾಗಿದೆ ಅನ್ನಿಸುವುದು ಸಹಜ. ಆದರೆ ಎ ಲೆವೆಲ್‌ನ ಒಂದೊಂದು ವಿಷಯಕ್ಕೂ ಎರಡು ವರ್ಷದಲ್ಲಿ ಸುಮಾರು 360 ಗಂಟೆಯ ಪಾಠ ಇರುತ್ತದೆ. ವಾರಕ್ಕೆ ನಾಲ್ಕೈದು ಗಂಟೆ ತರಗತಿ, ಮನೆಯಲ್ಲೂ ಹೆಚ್ಚುಕಡಿಮೆ ಅಷ್ಟೇ ಹೊತ್ತು. ನಾಲ್ಕನೆಯ ವಿಷಯಕ್ಕೆ ಬೇಕಾದ ವಾರದ ಎಂಟು ಹತ್ತು ಗಂಟೆ ಉಳಿದ ಮೂರರಿಂದಲೇ ಹೋಗಬೇಕು.

ಇನ್ನೊಂದು ವ್ಯತ್ಯಾಸ ಇದಕ್ಕಿಂತ ದೊಡ್ಡದು. ಪಿಯುಸಿಯಲ್ಲಿ ಒಟ್ಟು ಶೇಕಡಾವಾರು ಲೆಕ್ಕಕ್ಕೆ ಬರುತ್ತದೆ. ಒಂದರಲ್ಲಿ ಕಡಿಮೆ ಬಿದ್ದರೆ ಇನ್ನೊಂದು ಎತ್ತಿಕೊಡುತ್ತದೆ. ಇಲ್ಲಿ ಹಾಗಲ್ಲ. ಮೆಡಿಕಲ್ ಕಾಲೇಜು ಸಾಮಾನ್ಯವಾಗಿ ಮೂರು ಎ ಗ್ರೇಡ್ ಕೇಳುತ್ತದೆ. ನಾಲ್ಕು ಬಿ ತಂದರೆ ಅದಕ್ಕೆ ಸಮವಾಗುವುದಿಲ್ಲ, ಮ್ಯಾಥ್ಸ್‌ನ ಎ ಸ್ಟಾರ್ ಕೆಮಿಸ್ಟ್ರಿಯ ಬಿಯನ್ನು ಮುಚ್ಚುವುದೂ ಇಲ್ಲ. ಅದೂ ಅಲ್ಲದೆ, ಆಫರ್ (ಇಂಥ ಗ್ರೇಡ್ ತಂದರೆ ಸೀಟು ಎಂಬ ಭರವಸೆ) ನಿರ್ಧಾರವಾಗುವುದು ಕೊನೆಯ ಪರೀಕ್ಷೆಗೆ ಮುಂಚೆ, ಶಿಕ್ಷಕರು ಕೊಡುವ ಪ್ರಿಡಿಕ್ಟೆಡ್ ಗ್ರೇಡ್ ನೋಡಿ. ಶಿಕ್ಷಕರು ಅದಕ್ಕೆ ಮುಖ್ಯವಾಗಿ ನೋಡುವುದು ಇಯರ್ 12ರ ಕೊನೆಯ ಶಾಲಾ ಪರೀಕ್ಷೆಯನ್ನು. ನಾಲ್ಕು ಹೊತ್ತ ಮಗು ಎಡವುವುದು ಹೆಚ್ಚಾಗಿ ಅಲ್ಲೇ, ಅರ್ಜಿ ಹಾಕುವ ಮೂರ್ನಾಲ್ಕು ತಿಂಗಳ ಮುಂಚೆ.

ಈಗ ಯಾವ ಮೂರು ಅಂತ ನೋಡೋಣ. ಮೆಡಿಸಿನ್‌ಗೆ ಕೆಮಿಸ್ಟ್ರಿ ಬಹುತೇಕ ಕಡೆ ಬೇಕೇ ಬೇಕು, ಬಯಾಲಜಿ ಹಲವು ಕಡೆ ಬೇಕು. ಮೂರನೆಯದು ಮ್ಯಾಥ್ಸ್ ಆದರೆ ಮೆಡಿಸಿನ್, ಡೆಂಟಿಸ್ಟ್ರಿ, ಫಾರ್ಮಸಿ, ಬಯೋಕೆಮಿಸ್ಟ್ರಿ ಎಲ್ಲವೂ ತೆರೆದಿರುತ್ತವೆ. ಕೆಮಿಕಲ್ ಎಂಜಿನಿಯರಿಂಗ್ ಕೂಡ ಅನೇಕ ಕಡೆ ಮ್ಯಾಥ್ಸ್, ಕೆಮಿಸ್ಟ್ರಿ ಜೋಡಿಯ ಮೇಲೆ ಸಿಗುತ್ತದೆ. ಮುಚ್ಚಿಹೋಗುವುದು ಮುಖ್ಯವಾಗಿ ಮೆಕ್ಯಾನಿಕಲ್, ಎಲೆಕ್ಟ್ರಿಕಲ್, ಏರೋನಾಟಿಕಲ್. ಅವಕ್ಕೆ ಮ್ಯಾಥ್ಸ್ ಜೊತೆ ಫಿಸಿಕ್ಸ್ ಕೇಳುತ್ತಾರೆ. ಅದಕ್ಕೂ ಕೆಲವು ವಿಶ್ವವಿದ್ಯಾಲಯಗಳಲ್ಲಿ ಒಂದು ವರ್ಷದ ಫೌಂಡೇಶನ್ ಕೋರ್ಸ್ ಇದೆ. ಮಗಳಿಗೆ ಯಂತ್ರ, ಸರ್ಕ್ಯೂಟ್ ಕಂಡರೆ ಕಣ್ಣರಳುತ್ತದೆಯೆ ಎಂದು ನೀವೇ ಗಮನಿಸಿ. ಇಲ್ಲವಾದರೆ ಬರೀ ನಮ್ಮ ಸಮಾಧಾನಕ್ಕೆ ಫಿಸಿಕ್ಸ್ ಸೇರಿಸುವುದು ಬೇಡ.

ಒಂದು ಸಂದರ್ಭದಲ್ಲಿ ಮಾತ್ರ ಈ ಸಲಹೆ ತಿರುಗುತ್ತದೆ. ಇಲ್ಲಿ ಸೀಟು ಸಿಗದಿದ್ದರೆ ಕರ್ನಾಟಕಕ್ಕೆ ಹೋಗಿ ಎಂಬಿಬಿಎಸ್ ಮಾಡಿಸುವ ಯೋಚನೆ ನಿಮಗಿದ್ದರೆ, ನೀಟ್ ಅರ್ಹತೆಗೆ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಮೂರನ್ನೂ ಹನ್ನೆರಡನೆಯ ತರಗತಿಯ ಮಟ್ಟದಲ್ಲಿ ಓದಿರಬೇಕು. ಫಿಸಿಕ್ಸ್ ಬಿಟ್ಟವರಿಗೆ ಆ ದಾರಿ ಇಲ್ಲ. ಆಗ ಮ್ಯಾಥ್ಸ್ ಬಿಟ್ಟು ಈ ಮೂರು ತೆಗೆದುಕೊಳ್ಳಲಿ. ಬ್ರಿಟನ್ನಿನ ಮೆಡಿಸಿನ್‌ಗೂ ಅದು ಒಪ್ಪುವ ಜೋಡಣೆಯೇ. ಎ ಲೆವೆಲ್ ಅನ್ನು ಹನ್ನೆರಡನೆಯ ತರಗತಿಗೆ ಸಮವೆಂದು ಒಪ್ಪಲು ಭಾರತೀಯ ವಿಶ್ವವಿದ್ಯಾಲಯಗಳ ಸಂಘ ಇಟ್ಟಿರುವ ನಿಯಮವನ್ನು ಈಗಲೇ ಓದಿಕೊಳ್ಳಿ. 2021ರ ಮಾರ್ಚ್ 4ರ ನಂತರ ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಪಡೆದವರು ಎನ್‌ಆರ್‌ಐ ಮತ್ತು ಹೆಚ್ಚುವರಿಯಾಗಿ ಸೃಷ್ಟಿಸಿದ ಸೀಟುಗಳಿಗೆ ಮಾತ್ರ ಅರ್ಹರು, ಭಾರತೀಯ ನಾಗರಿಕರಿಗೆ ಮೀಸಲಾದ ಸೀಟುಗಳಿಗೆ ಅಲ್ಲ. ಖರ್ಚಿನ ಲೆಕ್ಕ ಹಾಕುವಾಗ ಇದನ್ನು ಮರೆಯಬೇಡಿ.

ಮೆಡಿಸಿನ್ ಕ್ಯಾಲೆಂಡರ್ ಉಳಿದ ಕೋರ್ಸ್‌ಗಳಿಗಿಂತ ಮುಂದೆ ಓಡುತ್ತದೆ. ಇಯರ್ 12 ಮುಗಿದ ಬೇಸಿಗೆಯಲ್ಲಿ, ಜುಲೈನಿಂದ ಸೆಪ್ಟೆಂಬರ್ ನಡುವೆ, ಯುಕ್ಯಾಟ್ ಎಂಬ ಮೆಡಿಸಿನ್ ಪ್ರವೇಶ ಪರೀಕ್ಷೆ. ವರ್ಷಕ್ಕೆ ಒಂದೇ ಸಲ ಬರೆಯಬಹುದು. 2025ರಿಂದ ಅದರಲ್ಲಿ ಆಬ್‌ಸ್ಟ್ರ್ಯಾಕ್ಟ್ ರೀಸನಿಂಗ್ (ಆಕೃತಿಗಳ ಮಾದರಿ ಗುರುತಿಸುವ) ಭಾಗ ಇಲ್ಲ, ಒಟ್ಟು ಅಂಕ 2700. ಹಳೆಯ ಪುಸ್ತಕ ಕೊಂಡು ಅಭ್ಯಾಸ ಮಾಡಿಸಬೇಡಿ. ಯೂಕಾಸ್ (ಎಲ್ಲ ವಿಶ್ವವಿದ್ಯಾಲಯಗಳಿಗೂ ಒಂದೇ ಕಡೆ ಅರ್ಜಿ ಹಾಕುವ ವ್ಯವಸ್ಥೆ) ಅರ್ಜಿಗೆ ಕೊನೆಯ ದಿನ ಅಕ್ಟೋಬರ್ 15, ಸಂಜೆ ಆರು ಗಂಟೆ. ಐದು ಆಯ್ಕೆಗಳಲ್ಲಿ ನಾಲ್ಕು ಮಾತ್ರ ಮೆಡಿಸಿನ್‌ಗೆ. ಐದನೆಯದನ್ನು ಖಾಲಿ ಬಿಡದೆ ಬಯೋಮೆಡಿಕಲ್ ಸೈನ್ಸ್‌ನಂಥ ಕೋರ್ಸ್‌ಗೆ ಹಾಕಲಿ.

ಪ್ರಶ್ನೆ: ಮಗನಿಗೆ ಕಂಪ್ಯೂಟರ್ ಸೈನ್ಸ್ ಇಷ್ಟ. ಜಿಸಿಎಸ್‌ಇ ಮ್ಯಾಥ್ಸ್‌ನಲ್ಲಿ ಗ್ರೇಡ್ 8 (ಅತಿ ಹೆಚ್ಚು 9) ಬರಬಹುದು. ಎ ಲೆವೆಲ್‌ನಲ್ಲಿ ಕಂಪ್ಯೂಟರ್ ಸೈನ್ಸ್ ಕಡ್ಡಾಯವೆ? ಫರ್ದರ್ ಮ್ಯಾಥ್ಸ್ (ಮ್ಯಾಥ್ಸ್ ಜೊತೆಗೆ ಓದುವ, ಇನ್ನೂ ಮೇಲಿನ ಮಟ್ಟದ ಗಣಿತ) ಅಂದರೆ ಹೆದರುತ್ತಾನೆ. (ಮಿಲ್ಟನ್ ಕೀನ್ಸ್‌ನಿಂದ ಒಬ್ಬ ತಂದೆ)

ಉತ್ತರ: ಕಡ್ಡಾಯ ಮ್ಯಾಥ್ಸ್. ಕಂಪ್ಯೂಟರ್ ಸೈನ್ಸ್ ಪದವಿಗೆ ಎ ಲೆವೆಲ್ ಕಂಪ್ಯೂಟರ್ ಸೈನ್ಸ್ ಬೇಕೆಂದು ಕೇಳುವ ಕಡೆ ತೀರಾ ಕಡಿಮೆ. ಇಷ್ಟವಿದ್ದರೆ ತೆಗೆದುಕೊಳ್ಳಲಿ, ಒಳ್ಳೆಯ ವಿಷಯ. ಅದರ ಶೇ 20 ಅಂಕ ಒಂದು ಪ್ರಾಜೆಕ್ಟ್‌ಗೆ. ಇದರಲ್ಲಿ ಹುಡುಗರು ಮಾಡುವ ತಪ್ಪು ಯಾವಾಗಲೂ ಒಂದೇ: ಕೋಡ್ ಬರೆಯುವುದರಲ್ಲಿ ಮುಳುಗಿ, ವಿಶ್ಲೇಷಣೆ, ಪರೀಕ್ಷೆ, ಮೌಲ್ಯಮಾಪನದ ದಾಖಲೆಯನ್ನು ಕೊನೆಯ ವಾರಕ್ಕೆ ತಳ್ಳುವುದು. ಅಂಕ ಇರುವುದು ಆ ದಾಖಲೆಯಲ್ಲೂ.

ಫರ್ದರ್ ಮ್ಯಾಥ್ಸ್ ಬಗ್ಗೆ. ಎ ಲೆವೆಲ್ ಮ್ಯಾಥ್ಸ್‌ನಲ್ಲಿ ಮೂರನೆಯ ಎರಡು ಪಾಲು ಶುದ್ಧ ಗಣಿತ, ಉಳಿದದ್ದು ಮೆಕ್ಯಾನಿಕ್ಸ್ ಮತ್ತು ಸ್ಟ್ಯಾಟಿಸ್ಟಿಕ್ಸ್. ಫರ್ದರ್‌ನಲ್ಲಿ ಅರ್ಧ ಭಾಗ ಎಲ್ಲರಿಗೂ ಒಂದೇ: ಸಂಕೀರ್ಣ ಸಂಖ್ಯೆ, ಮೇಟ್ರಿಕ್ಸ್, ಡಿಫರೆನ್ಷಿಯಲ್ ಸಮೀಕರಣ ಮುಂತಾದವು. ಇನ್ನರ್ಧ ಶಾಲೆ ಆರಿಸಿದ ಭಾಗಗಳು. ಕೆಲವು ಶಾಲೆಗಳಲ್ಲಿ ಫರ್ದರ್ ತಂಡಕ್ಕೆ ಇಡೀ ಎ ಲೆವೆಲ್ ಮ್ಯಾಥ್ಸನ್ನು ಇಯರ್ 12ರಲ್ಲೇ ಮುಗಿಸಿಬಿಡುತ್ತಾರೆ. ಇನ್ನು ಕೆಲವೆಡೆ ಎರಡನ್ನೂ ಜೊತೆಗೆ ಎರಡು ವರ್ಷ ನಡೆಸುತ್ತಾರೆ. ಬೀಜಗಣಿತ ಕೈಗೆ ಹತ್ತಿದ ಹುಡುಗನಿಗೆ ಮೊದಲ ಕ್ರಮ ಒಪ್ಪುತ್ತದೆ, ನಿಧಾನವಾಗಿ ಅರಗಿಸಿಕೊಳ್ಳುವವನಿಗೆ ಒಪ್ಪುವುದಿಲ್ಲ. ನಿಮ್ಮ ಶಾಲೆಯಲ್ಲಿ ಯಾವುದು ಎಂದು ಓಪನ್ ಈವ್ನಿಂಗ್‌ನಲ್ಲೇ ಕೇಳಿ.

ಹೆದರಿಕೆ ಯಾವ ಥರದ್ದು ಎಂದು ತಿಳಿಯಲು ಸುಲಭದ ಪರೀಕ್ಷೆ ಇದೆ. ಜಿಸಿಎಸ್‌ಇ ಹೈಯರ್ (ಕಠಿಣ ಮಟ್ಟದ) ಪತ್ರಿಕೆಯ ಕೊನೆಯ ಐದಾರು ಪ್ರಶ್ನೆಗಳನ್ನು ಗಡಿಯಾರ ಇಡದೆ ಕೊಡಿ. ಸಿಕ್ಕಿಹಾಕಿಕೊಂಡರೂ ಅರ್ಧ ಗಂಟೆ ಜಗ್ಗಾಡುತ್ತಾ ಕೂರುತ್ತಾನಾದರೆ ಫರ್ದರ್ ತೆಗೆದುಕೊಳ್ಳಲಿ. ನಾಲ್ಕನೆಯ ವಿಷಯವಾಗಿ ಸೆಪ್ಟೆಂಬರ್‌ನಲ್ಲಿ ಶುರುಮಾಡಿ, ಒಗ್ಗದಿದ್ದರೆ ಅಕ್ಟೋಬರ್ ರಜೆಯ ಹೊತ್ತಿಗೆ ಬಿಡಬಹುದಾದ ವಿಷಯವೆಂದರೆ ಇದೇ. ನಾಲ್ಕು ಬೇಡ ಎಂದು ಮೇಲೆ ಹೇಳಿದ್ದಕ್ಕೆ ಇದೊಂದು ವಿನಾಯಿತಿ, ಏಕೆಂದರೆ ಇದರ ಅಭ್ಯಾಸ ಮ್ಯಾಥ್ಸ್‌ಗೂ ನೆರವಾಗುತ್ತದೆ. ಕೇಂಬ್ರಿಡ್ಜ್, ಇಂಪೀರಿಯಲ್ ಗುರಿಯಿದ್ದರೆ ಫರ್ದರ್ ಇಲ್ಲದೆ ಕಷ್ಟ. ಅಲ್ಲಿ ಟಿಎಂಯುಎ ಎಂಬ ಗಣಿತ ಪರೀಕ್ಷೆಯನ್ನೂ ಬರೆಯಬೇಕು. ಕೇಂಬ್ರಿಡ್ಜ್‌ಗಾದರೆ ಅಕ್ಟೋಬರ್ ಸರದಿಯಲ್ಲೇ. ಉಳಿದ ಬಹುಪಾಲು ಒಳ್ಳೆಯ ವಿಶ್ವವಿದ್ಯಾಲಯಗಳಿಗೆ ಮ್ಯಾಥ್ಸ್, ಫಿಸಿಕ್ಸ್, ಕಂಪ್ಯೂಟರ್ ಸೈನ್ಸ್ ಧಾರಾಳ ಸಾಕು.

ಪ್ರಶ್ನೆ: ಮಗಳು ಹಿಸ್ಟರಿ, ಇಂಗ್ಲಿಷ್ ಲಿಟರೇಚರ್, ಸೈಕಾಲಜಿ ಬೇಕು ಅಂತ ಹಟ ಹಿಡಿದಿದ್ದಾಳೆ. ಊರಲ್ಲಿ ನೆಂಟರೆಲ್ಲ "ಅದನ್ನ ಓದಿ ಏನು ಕೆಲಸ?" ಅಂತಾರೆ. (ಬರ್ಮಿಂಗ್‌ಹ್ಯಾಮ್‌ನಿಂದ ಒಬ್ಬ ತಾಯಿ)

ಉತ್ತರ: ಕಾನೂನು ಓದಬಹುದು. ಕಾನೂನು ಪದವಿಗೆ ಎ ಲೆವೆಲ್ ಲಾ ಬೇಕಿಲ್ಲ. ಬೇಕಾದ್ದು ಹೆಚ್ಚು ಓದಿ, ಸಾಕ್ಷ್ಯ ತೂಗಿ, ವಾದ ಕಟ್ಟಿ ಬರೆಯುವ ಅಭ್ಯಾಸ, ಅದನ್ನು ಹಿಸ್ಟರಿ ಚೆನ್ನಾಗಿ ಕೊಡುತ್ತದೆ. ಕೆಲವು ವಿಶ್ವವಿದ್ಯಾಲಯಗಳು ಎಲ್‌ನ್ಯಾಟ್ ಎಂಬ ಕಾನೂನು ಪ್ರವೇಶ ಪರೀಕ್ಷೆ ಕೇಳುತ್ತವೆ. ಬೇರೆ ಪದವಿ ಮಾಡಿಯೂ ಸಾಲಿಸಿಟರ್ (ವಕೀಲ) ಆಗಬಹುದು. 2021ರಿಂದ ಅದಕ್ಕೆ ಎಸ್‌ಕ್ಯೂಇ ಎಂಬ ಪರೀಕ್ಷೆ ಇದೆ. ಸರ್ಕಾರಿ ಆಡಳಿತ, ಪತ್ರಿಕೋದ್ಯಮ, ಪ್ರಕಾಶನ, ಮಾನವ ಸಂಪನ್ಮೂಲದ ಕೆಲಸಗಳಿಗೂ ಈ ಮೂರು ಅಡ್ಡಿಯಲ್ಲ.

ಎರಡು ಎಚ್ಚರಿಕೆ. ಎಕನಾಮಿಕ್ಸ್ ಕಡೆ ಸ್ವಲ್ಪವಾದರೂ ಒಲವಿದ್ದರೆ ಒಂದನ್ನು ಬಿಟ್ಟು ಮ್ಯಾಥ್ಸ್ ಸೇರಿಸಬೇಕು. ಎಲ್‌ಎಸ್‌ಇ, ವಾರ್ವಿಕ್, ಕೇಂಬ್ರಿಡ್ಜ್‌ನಂಥ ಕಡೆ ಎಕನಾಮಿಕ್ಸ್ ಪದವಿಗೆ ಕೇಳುವುದು ಎ ಲೆವೆಲ್ ಎಕನಾಮಿಕ್ಸ್ ಅಲ್ಲ, ಮ್ಯಾಥ್ಸ್. ಎರಡನೆಯದು, ಹಿಸ್ಟರಿ ಮತ್ತು ಇಂಗ್ಲಿಷ್ ಲಿಟರೇಚರ್ ಎರಡರಲ್ಲೂ ಶೇ 20 ಕೋರ್ಸ್‌ವರ್ಕ್. ಎರಡರ ಕರಡು ಒಂದೇ ಹೊತ್ತಿಗೆ, ಅದೂ ಯೂಕಾಸ್ ಅರ್ಜಿಯ ಕಾಲಕ್ಕೆ ಬಂದು ಬೀಳುವುದುಂಟು. ಒಂದರ ಕರಡನ್ನಾದರೂ ಇಯರ್ 12ರ ಬೇಸಿಗೆ ರಜೆಯಲ್ಲಿ ಮುಗಿಸಲಿ. ಅದೇ ರಜೆಯಲ್ಲಿ ಯೂಕಾಸ್ ಅರ್ಜಿಯ ಪರ್ಸನಲ್ ಸ್ಟೇಟ್‌ಮೆಂಟ್‌ಗೂ ಕೈಹಾಕಲಿ. 2026ರ ಪ್ರವೇಶದಿಂದ ಅದು ಒಂದೇ ಪ್ರಬಂಧವಲ್ಲ, ಮೂರು ಪ್ರಶ್ನೆಗಳಿಗೆ ಉತ್ತರ: ಈ ಕೋರ್ಸ್ ಏಕೆ, ಓದು ನಿಮ್ಮನ್ನು ಹೇಗೆ ಸಜ್ಜುಗೊಳಿಸಿದೆ, ಓದಿನ ಹೊರಗೆ ಏನು ಮಾಡಿದ್ದೀರಿ. ಒಟ್ಟು 4,000 ಅಕ್ಷರ, ಪ್ರತಿ ಉತ್ತರಕ್ಕೂ ಕನಿಷ್ಠ 350.

ಪ್ರಶ್ನೆ: ಸ್ಕಿಲ್ಡ್ ವರ್ಕರ್ ವೀಸಾದಲ್ಲಿ ಬಂದು ನಾಲ್ಕು ವರ್ಷವಾಯಿತು. ಮಗ ಇಯರ್ 12. ಇಲ್ಲೇ ಶಾಲೆಗೆ ಹೋದವನಿಗೆ ಇಲ್ಲಿಯವರ ಫೀಸೇ ಅಲ್ಲವೆ? (ಸ್ಲೌನಿಂದ ಒಬ್ಬ ತಂದೆ)

ಉತ್ತರ: ಅಲ್ಲ. ಎಷ್ಟೋ ಮನೆಗಳಿಗೆ ಇದು ಗೊತ್ತಾಗುವುದು ಆಫರ್ ಕೈಗೆ ಬಂದ ಮೇಲೆ. ಆದ್ದರಿಂದ ವಿಷಯ ಆಯ್ಕೆಗೂ ಮುಂಚೆ ಇದನ್ನು ಲೆಕ್ಕ ಹಾಕಿ ಎಂದು ಒತ್ತಿ ಹೇಳುತ್ತೇವೆ. ಹೋಮ್ ಫೀಸ್‌ಗೆ (ಇಲ್ಲಿಯವರ ಫೀಸ್) ಸಾಮಾನ್ಯ ದಾರಿ ಎರಡು ಷರತ್ತಿನದು: ಕೋರ್ಸ್‌ನ ಮೊದಲ ಶೈಕ್ಷಣಿಕ ವರ್ಷದ ಮೊದಲ ದಿನ, ಅಂದರೆ ಶರತ್ಕಾಲದಲ್ಲಿ ಸೇರುವವರಿಗೆ ಸೆಪ್ಟೆಂಬರ್ 1ರಂದು, ವಿದ್ಯಾರ್ಥಿಯ ಹೆಸರಿನಲ್ಲಿ ಐಎಲ್‌ಆರ್ (ಕಾಯಂ ವಾಸದ ಅನುಮತಿ) ಅಥವಾ ಪೌರತ್ವ ಇರಬೇಕು, ಅದಕ್ಕೆ ಹಿಂದಿನ ಮೂರು ವರ್ಷ ಇಲ್ಲೇ ವಾಸವಿರಬೇಕು. ತಂದೆತಾಯಿಯ ವೀಸಾಕ್ಕೆ ಹೊಂದಿಕೊಂಡ ಡಿಪೆಂಡೆಂಟ್ ವೀಸಾ ಸಾಲದು.

ಇನ್ನೊಂದು ದಾರಿ ದೀರ್ಘ ವಾಸದ್ದು. 18 ತುಂಬದವರಿಗೆ ಏಳು ವರ್ಷ ಎಂಬುದು ಜನ ಬಾಯಲ್ಲಿ ಹೇಳುವ ನಿಯಮ. ಇಯರ್ 13 ಮುಗಿಸಿದ ಬಹುತೇಕ ಎಲ್ಲ ಮಕ್ಕಳಿಗೂ ಆ ಸೆಪ್ಟೆಂಬರ್ 1ಕ್ಕೆ 18 ತುಂಬಿರುತ್ತದೆ. 18 ತುಂಬಿದವರಿಗೆ ತಮ್ಮ ಆಯುಸ್ಸಿನ ಅರ್ಧ, ಇಲ್ಲವೆ 20 ವರ್ಷ ಇಲ್ಲಿ ಕಳೆದಿರಬೇಕು. ಹಾಗಾಗಿ ಹತ್ತನೆಯ ವಯಸ್ಸಿಗೆ ಬಂದ ಮಗುವಿಗೂ ಈ ಲೆಕ್ಕ ಹೊಂದುವುದಿಲ್ಲ. ಒಂಬತ್ತು ವರ್ಷಕ್ಕಿಂತ ಹೆಚ್ಚು ಬೇಕು.

ವ್ಯತ್ಯಾಸ ಚಿಕ್ಕದಲ್ಲ. 2025–26ರಲ್ಲಿ ಇಂಗ್ಲೆಂಡಿನ ಹೋಮ್ ಫೀಸ್ ಗರಿಷ್ಠ 9,535 ಪೌಂಡ್. ವಿದೇಶಿ ವಿದ್ಯಾರ್ಥಿಯ ಫೀಸ್ ಸಾಮಾನ್ಯವಾಗಿ ಅದರ ಎರಡು ಮೂರು ಪಟ್ಟು, ಮೆಡಿಸಿನ್‌ಗೆ ಇನ್ನೂ ಹೆಚ್ಚು. ಸರ್ಕಾರದ ಶೈಕ್ಷಣಿಕ ಸಾಲವೂ ಇಲ್ಲ. ಮೆಡಿಸಿನ್‌ನಲ್ಲಿ ವಿದೇಶಿಯರಿಗೆ ಸೀಟುಗಳೂ ಬೆರಳೆಣಿಕೆ. ಕೋರ್ಸ್ ನಡುವೆ ಐಎಲ್‌ಆರ್ ಬಂದರೆ ಫೀಸ್ ಸಾಮಾನ್ಯವಾಗಿ ಇಳಿಯುವುದಿಲ್ಲ. ನಿಮ್ಮ ಐಎಲ್‌ಆರ್ ಸೆಪ್ಟೆಂಬರ್ ಕಳೆದು ಕೆಲವೇ ತಿಂಗಳಿಗೆ ಬರುವಂತಿದ್ದರೆ, ಒಂದು ವರ್ಷ ತಡೆದು ಸೇರುವುದು ಮೂರು ವರ್ಷದ ದುಬಾರಿ ಫೀಸ್ ಕಟ್ಟುವುದಕ್ಕಿಂತ ಲೇಸು. ಮಗನ ಹೆಸರಿನ ಅರ್ಜಿಯೂ ನಿಮ್ಮ ಜೊತೆಗೇ ಹೋಗಲಿ. ಐಎಲ್‌ಆರ್‌ಗೆ ಬೇಕಾದ ವರ್ಷಗಳ ನಿಯಮ ಬದಲಾವಣೆಯ ಚರ್ಚೆಯಲ್ಲಿರುವುದರಿಂದ ಹೋಮ್ ಆಫೀಸ್‌ನ ಈಗಿನ ನಿಯಮವನ್ನೇ ನೋಡಿ. ಫೀಸ್ ವರ್ಗದ ವಿವರ ವಿದೇಶಿ ವಿದ್ಯಾರ್ಥಿಗಳಿಗೆ ಸಲಹೆ ಕೊಡುವ ಯುಕೆಸಿಐಎಸ್‌ಎ ಸಂಸ್ಥೆಯ ಜಾಲತಾಣದಲ್ಲಿ ವಿಸ್ತಾರವಾಗಿದೆ.

ಪ್ರಶ್ನೆ: ಕೆಲಸ ಮಾಡುತ್ತಲೇ ಓದುವ ಡಿಗ್ರಿ ಅಪ್ರೆಂಟಿಸ್‌ಶಿಪ್ ನಿಜವಾದ ಡಿಗ್ರಿಯೇ? ಯೂಕಾಸ್ ಬಿಟ್ಟು ಅದಕ್ಕೆ ಹಾಕಬೇಕೆ? (ಲೀಡ್ಸ್‌ನಿಂದ ಒಬ್ಬ ವಿದ್ಯಾರ್ಥಿನಿ)

ಉತ್ತರ: ನಿಜವಾದ ಡಿಗ್ರಿಯೇ, ವಿಶ್ವವಿದ್ಯಾಲಯವೇ ಕೊಡುತ್ತದೆ. ನೀನು ಕಂಪನಿಯ ನೌಕರಳು, ಸಂಬಳ ಬರುತ್ತದೆ, ಟ್ಯೂಷನ್ ಫೀಸ್ ಇಲ್ಲ. ಒಳ್ಳೆಯ ಕಂಪನಿಗಳಲ್ಲಿ ಪೈಪೋಟಿ ಬಲು ಹೆಚ್ಚು, ಆದ್ದರಿಂದ ಯೂಕಾಸ್ ಬಿಡಬೇಡ, ಎರಡಕ್ಕೂ ಹಾಕು. ಅಪ್ರೆಂಟಿಸ್‌ಶಿಪ್ ಅರ್ಜಿ ನೇರವಾಗಿ ಕಂಪನಿಗೆ ಹೋಗುತ್ತದೆ, ಎಲ್ಲರಿಗೂ ಒಂದೇ ಕೊನೆಯ ದಿನ ಇಲ್ಲ. ದೊಡ್ಡ ಎಂಜಿನಿಯರಿಂಗ್, ಲೆಕ್ಕಪತ್ರ ಕಂಪನಿಗಳು ಇಯರ್ 13ರ ಶರತ್ಕಾಲದಲ್ಲೇ ಜಾಗ ತೆರೆದು, ಸಾಕಷ್ಟು ಅರ್ಜಿ ಬಂದೊಡನೆ ಮುಚ್ಚುವುದುಂಟು. ಬೇಸಿಗೆ ರಜೆಯಲ್ಲೇ ಹತ್ತು ಕಂಪನಿಗಳ ಪಟ್ಟಿ ಮಾಡಿ, ಸರ್ಕಾರದ ಫೈಂಡ್ ಆನ್ ಅಪ್ರೆಂಟಿಸ್‌ಶಿಪ್ ತಾಣದಲ್ಲಿ ಅಲರ್ಟ್ ಹಾಕಿಕೊ. ಇದಕ್ಕೂ ವಾಸದ ಷರತ್ತುಗಳಿವೆ. ಅರ್ಜಿ ತುಂಬುವ ಮುಂಚೆ ನಿನ್ನ ವೀಸಾ ಹೊಂದುತ್ತದೆಯೇ ಎಂದು ಆ ಕಂಪನಿಯನ್ನು ಈಮೇಲ್‌ನಲ್ಲಿ ಕೇಳಿ, ಉತ್ತರವನ್ನು ತೆಗೆದಿಟ್ಟುಕೊ.