ಅವಳಿಗೆ ಏನೂ ಗೊತ್ತಿಲ್ಲ ಅಂತ ಯಾರು ಹೇಳಿದರು?

ನಮಸ್ಕಾರ. ನಿಮ್ಮ ಟಿವಿ ಕ್ರೈಂ ಧಾರಾವಾಹಿಯ ಮೂರೂ ಕಂತಿನ ಸ್ಕ್ರಿಪ್ಟ್ ಓದಿದೆ. ಈಗ ಇರುವ ಹಾಗೆ ಇದನ್ನು ನಮ್ಮ ಪತ್ರಿಕೆಯಲ್ಲಿ ಹಾಕುವುದಿಲ್ಲ. ಆದರೆ ಕೈಬಿಡಿ ಅಂತಲೂ ಹೇಳುವುದಿಲ್ಲ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಿಮ್ಮ ಕಥೆ ನನಗೆ ಅರ್ಥವಾಗಿದ್ದು ಹೀಗೆ. ಪ್ರಶಾಂತನಿಗೆ ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ, ಮನೆ ಹುಬ್ಬಳ್ಳಿಯ ವಿದ್ಯಾನಗರದಲ್ಲಿ. ಮೊದಲ ಹೆಂಡತಿ 2019ರಲ್ಲಿ, ಮದುವೆಯಾದ ಮೂರನೇ ವರ್ಷ, ಸ್ಟೋವ್ ಸಿಡಿದು ತೀರಿಕೊಂಡಳು. ಈಗಿನ ಹೆಂಡತಿ ಸುಮಾ, ತವರು ಗದಗ, ಮದುವೆಯಾಗಿ ನಾಲ್ಕು ವರ್ಷ. ಗಂಡ ಅವಳ ಹೆಸರಿಗೆ ವಿಮೆ ಮಾಡಿಸುತ್ತಾನೆ, ಗ್ಯಾಸ್ ಪೈಪ್ ಸಡಿಲ ಮಾಡುತ್ತಾನೆ, ಸುಮಾ ಮೂರು ಕಂತು ಹೆದರುತ್ತಾಳೆ. ಕೊನೆಗೆ ಬೆಂಗಳೂರಿನಿಂದ ಬಂದ ಇನ್‌ಸ್ಪೆಕ್ಟರ್ ಅವಳನ್ನು ಕಾಪಾಡಿ, ನಿನ್ನ ಗಂಡ ಎಂಥವನು ಗೊತ್ತಾ ಅಂತ ಅವಳಿಗೇ ಹೇಳುತ್ತಾನೆ. ಅವಳು ಬೆಚ್ಚಿಬೀಳುತ್ತಾಳೆ.

ಅಲ್ಲೇ ನನಗೆ ಸಿಟ್ಟು ಬಂತು. ನಾಲ್ಕು ವರ್ಷ ಒಂದೇ ಸೂರಿನಡಿ ಬದುಕಿದವಳಿಗೆ ಅವನು ಎಂಥವನು ಅಂತ ಹೊರಗಿನವನು ಬಂದು ಹೇಳಬೇಕಾ? ಟಿವಿಯ ಇಂಥ ಕಥೆಗಳಲ್ಲಿ ನಾನು ಮತ್ತೆ ಮತ್ತೆ ಕಾಣುವ ತಪ್ಪು ಇದು. ಸಸ್ಪೆನ್ಸ್ ಉಳಿಯಲಿ ಅಂತ ಹೆಂಡತಿಯನ್ನು ಪೆದ್ದಿ ಮಾಡುತ್ತಾರೆ. ನೋಡುವವರಿಗೆ ಎಲ್ಲ ಗೊತ್ತು, ಅವಳೊಬ್ಬಳಿಗೆ ಗೊತ್ತಿಲ್ಲ. ನಿಜವಾದ ಮನೆಗಳಲ್ಲಿ ಇದು ಪೂರ್ತಿ ಉಲ್ಟಾ ಇರುತ್ತೆ. ಓಣಿಗೆ ಗೊತ್ತಿರುವುದಿಲ್ಲ, ಅವನ ಗೆಳೆಯರಿಗೆ ಗೊತ್ತಿರುವುದಿಲ್ಲ, ಪೊಲೀಸರಿಗಂತೂ ಕೊನೆಗೆ ಗೊತ್ತಾಗುತ್ತೆ. ಅವಳಿಗೆ ಮೊದಲ ದಿನದಿಂದ ಗೊತ್ತಿರುತ್ತೆ.

ನೀವೂ ಇದನ್ನು ಒಂದು ಕಡೆ ಬರೆದಿದ್ದೀರಿ, ಬರೆದು ಅಲ್ಲೇ ಬಿಟ್ಟಿದ್ದೀರಿ. ಎರಡನೇ ಕಂತಿನಲ್ಲಿ ಬೈಕ್ ಓಣಿಯ ತಿರುವಿಗೆ ಬಂದ ಸದ್ದು ಕೇಳಿದ ತಕ್ಷಣ ಸುಮಾ ಟಿವಿ ಸಣ್ಣಗೆ ಮಾಡುತ್ತಾಳೆ, ಬಾಗಿಲ ಹತ್ತಿರದ ಚಪ್ಪಲಿ ಸರಿ ಮಾಡುತ್ತಾಳೆ, ಮಗುವಿನ ಪುಸ್ತಕ ಎತ್ತಿಡುತ್ತಾಳೆ. ಮಾತಿಲ್ಲ, ಸಂಗೀತವಿಲ್ಲ. ಅದನ್ನು ಓದುವಾಗ ಮೈ ಜುಮ್ಮೆಂದಿತು. ಗ್ಯಾಸ್ ಪೈಪ್, ಕರೆಂಟ್ ಹೋಗುವುದು, ಮಳೆ, ಕಿಟಕಿಯಾಚೆಯ ನೆರಳು, ಇವೆಲ್ಲ ಸೇರಿದರೂ ಆ ಚಪ್ಪಲಿಯಷ್ಟು ಭಯ ಹುಟ್ಟಿಸಲಿಲ್ಲ. ಬೈಕಿನ ಸದ್ದಿನಿಂದಲೇ ಇವತ್ತು ಅವನ ತಲೆ ಹೇಗಿದೆ ಅಂತ ಲೆಕ್ಕ ಹಾಕುವವಳು ನಿಮ್ಮ ಕಥೆಯ ಪತ್ತೇದಾರಿ. ಬೇರೆ ಇನ್‌ಸ್ಪೆಕ್ಟರ್ ಯಾಕೆ ಬೇಕು?

1938ರಲ್ಲಿ ಇಂಗ್ಲೆಂಡ್‌ನಲ್ಲಿ ರಂಗಕ್ಕೆ ಬಂದ ಪ್ಯಾಟ್ರಿಕ್ ಹ್ಯಾಮಿಲ್ಟನ್ ಅವರ ‘ಗ್ಯಾಸ್ ಲೈಟ್’ ನಾಟಕವನ್ನು ಸಾಧ್ಯವಾದರೆ ಓದಿ. ಗಂಡ ಹೊರಗೆ ಹೋದ ಮೇಲೆ ಮನೆಯ ದೀಪ ಮಂಕಾಗುತ್ತೆ, ಮೇಲಿನ ಮಹಡಿಯಲ್ಲಿ ಯಾರೋ ಓಡಾಡಿದ ಸದ್ದು. ನಿನಗೆ ಹುಚ್ಚು ಅಂತ ಗಂಡ ನಂಬಿಸುತ್ತಾ ಬಂದಿದ್ದಾನೆ, ಆದರೂ ದೀಪ ಮಂಕಾಗಿದ್ದನ್ನು ನೋಡಿದವಳು ಅವಳೇ. ಅಲ್ಲೂ ಒಬ್ಬ ಪತ್ತೇದಾರ ಬರುತ್ತಾನೆ, ಆದರೆ ಅವಳು ಕಂಡಿದ್ದು ನಿಜ ಅಂತ ಹೇಳುವುದಕ್ಕೆ ಬರುತ್ತಾನೆ. ನಿಮ್ಮ ಇನ್‌ಸ್ಪೆಕ್ಟರ್ ಅವಳಿಗೆ ಪಾಠ ಹೇಳಲು ಬರುತ್ತಾನೆ. ವ್ಯತ್ಯಾಸ ಗೊತ್ತಾಯಿತಲ್ವಾ?

ಒಂದು ಮಾತು ನೀವು ಎತ್ತಬಹುದು. ಎಲ್ಲ ಗೊತ್ತಿದ್ದರೆ ಅವಳು ಯಾಕೆ ಇರುತ್ತಾಳೆ, ಯಾಕೆ ಸಾಯುತ್ತಾಳೆ? ನ್ಯಾಯವಾದ ಪ್ರಶ್ನೆ. ಜ್ಯಾಕ್ವೆಲಿನ್ ಕ್ಯಾಂಪ್‌ಬೆಲ್ ಅಂತ ಅಮೆರಿಕದ ನರ್ಸ್ ಮತ್ತು ಸಂಶೋಧಕಿ, 1980ರ ದಶಕದಲ್ಲಿ ಇಂಥ ಹೆಂಗಸರ ಅಪಾಯ ಅಳೆಯಲು ಒಂದು ಪ್ರಶ್ನಾವಳಿ ಮಾಡಿದರು. ಕುತ್ತಿಗೆ ಹಿಸುಕಿದ್ದಾನಾ, ಕೊಲ್ಲುತ್ತೇನೆ ಅಂದಿದ್ದಾನಾ, ದಿನದ ಪ್ರತಿಯೊಂದು ಕೆಲಸಕ್ಕೂ ಅವನದೇ ಅಪ್ಪಣೆ ಬೇಕಾ, ಕಳೆದ ಒಂದು ವರ್ಷದಲ್ಲಿ ಅವನನ್ನು ಬಿಟ್ಟು ಹೋಗಿದ್ದೀರಾ, ಹೀಗೆ ಸಾಗುತ್ತೆ. ಈ ಪ್ರಶ್ನೆಗಳಿಗೂ ಮೊದಲು ಅವಳ ಕೈಗೆ ಒಂದು ಕ್ಯಾಲೆಂಡರ್ ಕೊಡುತ್ತಾರೆ. ಒಂದು ವರ್ಷದಲ್ಲಿ ಯಾವ್ಯಾವ ದಿನ ಹೊಡೆದ ಅಂತ ಗುರುತು ಮಾಡಬೇಕು. ಯಾಕೆಂದರೆ ಅವನ ಒಂದೊಂದು ಪೆಟ್ಟೂ ನೆನಪಿರುವ ಹೆಂಗಸರು ಕೂಡ ‘ನನ್ನನ್ನು ಕೊಲ್ಲುವ ಮಟ್ಟಕ್ಕೆ ಹೋಗುವುದಿಲ್ಲ’ ಅಂದುಕೊಂಡಿರುತ್ತಾರೆ. ಒಟ್ಟಿಗೆ ಹಾಕಿ ನೋಡಿರುವುದಿಲ್ಲ, ಅಷ್ಟೇ.

ನಿಮ್ಮ ಸುಮಾಳ ಅಡುಗೆಮನೆಯಲ್ಲೂ ಗೋಡೆ ಕ್ಯಾಲೆಂಡರ್ ಇದೆ, ಹಾಲಿನ ಲೆಕ್ಕ ಬರೆಯುತ್ತಾಳೆ ಅಂತ ನೀವೇ ಬರೆದಿದ್ದೀರಿ. ಹಾಲಿನ ಗುರುತಿನ ಪಕ್ಕ ಅವಳು ಇನ್ನೊಂದು ಸಣ್ಣ ಚುಕ್ಕಿ ಇಡುತ್ತಾಳೆ ಅಂದುಕೊಳ್ಳಿ. ಯಾತಕ್ಕೆ ಅಂತ ಮೊದಲ ಕಂತಿನಲ್ಲಿ ಹೇಳಬೇಡಿ. ಎರಡನೆಯದರಲ್ಲಿ ಹಳೆಯ ತಿಂಗಳುಗಳ ಹಾಳೆ ತಿರುವಿದಾಗ ಚುಕ್ಕಿಗಳು ಹತ್ತಿರ ಹತ್ತಿರ ಬರುತ್ತಿರುವುದು ಅವಳಿಗೇ ಕಾಣಲಿ. ಸಸ್ಪೆನ್ಸ್ ಅಂದರೆ ಇದು. ಗೊತ್ತಿಲ್ಲದವಳ ಭಯಕ್ಕಿಂತ, ಗೊತ್ತಿದ್ದವಳು ಕೂಡಿಸಿ ನೋಡುವ ಆ ಗಳಿಗೆ ಎಷ್ಟೋ ದೊಡ್ಡದು.

ಮತ್ತೆ ಅವಳು ಓಡಿಹೋಗದಿರುವುದಕ್ಕೆ ನೀವು ಕೊಟ್ಟ ಕಾರಣ, ಬಸ್ಸಿಗೆ ದುಡ್ಡಿಲ್ಲ ಅನ್ನುವುದು, ನಿಲ್ಲುವುದಿಲ್ಲ. ಕಥೆ ನಡೆಯುವುದು 2024ರಲ್ಲಿ. 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆ, ಹುಬ್ಬಳ್ಳಿಯಲ್ಲಿ ಗದಗದ ಬಸ್ ಹತ್ತಿ ಆಧಾರ್ ಕಾರ್ಡ್ ತೋರಿಸಿದರೆ ಟಿಕೆಟ್ಟಿಗೆ ದುಡ್ಡು ಬೇಡ. ಹಾಗಾದರೆ ಆಧಾರ್ ಕಾರ್ಡ್ ಎಲ್ಲಿದೆ? ‘ಕಾಗದಪತ್ರ ಎಲ್ಲಾ ನನ್ನ ಹತ್ರ ಇರ್ಲಿ, ನೀ ಕಳಕೊಂತಿ’ ಅಂತ ಅವನು ಮದುವೆಯಾದ ಹೊಸದರಲ್ಲೇ ಅದನ್ನು ಬ್ಯಾಡಗಿಯ ಅಂಗಡಿಯ ಕಪಾಟಿನಲ್ಲಿ ಇಟ್ಟಿದ್ದಾನೆ. ಆಗ ಅದು ಪ್ರೀತಿ ಅನ್ನಿಸಿತ್ತು. ಇಂಥ ಗಂಡ ವಿಷದ ಬಾಟಲಿ ಹಿಡಿದುಕೊಂಡು ಓಡಾಡುವುದಿಲ್ಲ, ಕಾರ್ಡು, ಫೋನು, ಕೀಲಿಕೈ ತನ್ನ ಹತ್ತಿರ ಇಟ್ಟುಕೊಳ್ಳುತ್ತಾನೆ. ಇದನ್ನೇ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2015ರ ಕಾಯ್ದೆಯಲ್ಲಿ ಅಪರಾಧ ಮಾಡಿದರು, ಒಂದು ಪೆಟ್ಟೂ ಬೀಳದಿದ್ದರೂ ಸರಿ.

ಇನ್ನು ಊರು. ಹುಬ್ಬಳ್ಳಿ ಅಂತ ಹೆಸರು ಬರೆದಿದ್ದೀರಿ, ಊರು ಕಾಣುವುದಿಲ್ಲ. ಶ್ರಾವಣ ಅಂತೀರಿ, ಪಂಚಮಿ ಎಲ್ಲಿ? ನಮ್ಮ ಕಡೆ ನಾಗರ ಪಂಚಮಿಗೆ ಮಗಳನ್ನು ತವರಿಗೆ ಕರೆಯದ ಮನೆ ಇದೆಯಾ? ಅಣ್ಣ ಗದಗದಿಂದ ಕರೆಯಲು ಬರುತ್ತಾನೆ. ಅಳಿಯ ಚಹಾ ಕೊಡಿಸಿ, ನಗುತ್ತಲೇ, ‘ಈ ವರ್ಷ ಬ್ಯಾಡ್ರಿ, ಮುಂದಿನ ವರ್ಷ ನಾನೇ ಕರಕೊಂಡು ಬರ್ತೀನಿ’ ಅನ್ನುತ್ತಾನೆ. ಉಂಡಿ ಡಬ್ಬಿ ಕೊಟ್ಟು ಅಣ್ಣ ವಾಪಸ್ ಹೋಗುತ್ತಾನೆ. ಪಕ್ಕದ ಮನೆಯ ಅಜ್ಜಿ ಒಬ್ಬಳು ಇದನ್ನು ಗಮನಿಸುತ್ತಾಳೆ. ಹೆಂಡತಿ ಹೊರಡುತ್ತಾಳೆ ಅನ್ನಿಸಿದಾಗಲೇ, ಅಥವಾ ಹೊರಟುಹೋದ ಮೇಲೆ, ಅಪಾಯ ಜಾಸ್ತಿ ಅನ್ನುವುದನ್ನು ಈ ವಿಷಯದಲ್ಲಿ ಕೆಲಸ ಮಾಡಿದವರು ಮತ್ತೆ ಮತ್ತೆ ಹೇಳಿದ್ದಾರೆ. ನಿಮ್ಮ ಮೂರನೇ ಕಂತು ಅಣ್ಣನ ಆ ಭೇಟಿಯಿಂದ ಶುರುವಾಗಲಿ.

ಕಾನೂನಿನ ತಪ್ಪು ಎರಡು. ಮೊದಲ ಹೆಂಡತಿ ಸತ್ತ ರಾತ್ರಿಯೇ ಅಂತ್ಯಕ್ರಿಯೆ ಮುಗಿಸಿ ಕೇಸ್ ಮುಚ್ಚಿಬಿಟ್ಟಿದ್ದೀರಿ. ಮದುವೆಯಾಗಿ ಏಳು ವರ್ಷದೊಳಗೆ ಹೆಂಗಸು ಹೀಗೆ ಸತ್ತರೆ ಪೋಸ್ಟ್‌ಮಾರ್ಟಂ ಆಗಲೇಬೇಕು, ಶವ ಪಂಚನಾಮೆಗೆ ತಹಶೀಲ್ದಾರರು ಬರುತ್ತಾರೆ. ನಿಮ್ಮ ಕಥೆಯಲ್ಲಿ ತಹಶೀಲ್ದಾರರೇ ಇಲ್ಲ. ಇನ್ನೊಂದು, ಇನ್‌ಸ್ಪೆಕ್ಟರ್ ಆ ಸಾವಿಗೆ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) ಸೆಕ್ಷನ್ 80 ಅನ್ನುತ್ತಾನೆ. ಬಿಎನ್‌ಎಸ್ ಜಾರಿಗೆ ಬಂದಿದ್ದು 2024ರ ಜುಲೈ 1ಕ್ಕೆ. 2019ರ ಸಾವಿಗೆ ಅದಕ್ಕೂ ಮೊದಲಿದ್ದ ಭಾರತೀಯ ದಂಡ ಸಂಹಿತೆ, ಐಪಿಸಿಯೇ, ವರದಕ್ಷಿಣೆ ಸಾವಿನ 304-ಬಿ. ಇವನ್ನು ತಿದ್ದುವುದು ಸುಲಭ. ಆದರೆ ತಿದ್ದುವಾಗ ಆಸ್ಪತ್ರೆಯ ಫ್ಲ್ಯಾಶ್‌ಬ್ಯಾಕ್ ಕಡೆ ಒಮ್ಮೆ ನೋಡಿ. ಸುಟ್ಟ ಗಾಯದಲ್ಲಿ ಎರಡು ದಿನ ಬದುಕಿದ್ದಳು, ‘ಸ್ಟೋವ್ ಸಿಡೀತು’ ಅಂತ ಹೇಳಿಕೆ ಕೊಟ್ಟಳು ಅಂತ ಒಂದು ಸಾಲಿನಲ್ಲಿ ಮುಗಿಸಿದ್ದೀರಿ. ಹೇಳಿಕೆ ಬರೆದುಕೊಳ್ಳುವಾಗ ಮಂಚದ ಪಕ್ಕ ಯಾರು ನಿಂತಿದ್ದರು? ಮಗು ಯಾರ ಕೈಯಲ್ಲಿತ್ತು? ಮಾತಾಡುವ ಸ್ಥಿತಿಯಲ್ಲಿದ್ದಾಳೆ ಅಂತ ಬರೆದುಕೊಟ್ಟ ಡಾಕ್ಟರ್ ಅವಳ ಅತ್ತೆಯನ್ನು ಹೊರಗೆ ಕಳಿಸಿದರಾ? ನನ್ನ ಮಟ್ಟಿಗೆ ನಿಮ್ಮ ಇಡೀ ಧಾರಾವಾಹಿ ಆ ಮಂಚದ ಸುತ್ತಲೇ ಇದೆ. ಸುಮಾ ಈಗ ಸಾಕುತ್ತಿರುವುದು ಅವಳ ಮಗುವನ್ನು, ಅಲ್ವಾ? ಆ ಮಗುವಿನ ಕಡೆ ನಿಮ್ಮ ಗಮನ ಹೋಗಲೇ ಇಲ್ಲವಾ?

ಕೊನೆಗೆ ಪರದೆ ಮೇಲೆ 181 ಮಹಿಳಾ ಸಹಾಯವಾಣಿ ಹಾಕಿದ್ದೀರಿ. ನಿಮ್ಮ ಮನಸ್ಸು ದೊಡ್ಡದು. ಆದರೆ ಟಿವಿ ಇರುವುದು ಹಾಲ್‌ನಲ್ಲಿ, ರಿಮೋಟ್ ಇರುವುದು ಅವನ ಕೈಯಲ್ಲಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 18ರಿಂದ 49 ವಯಸ್ಸಿನ, ಮದುವೆಯಾದ ಹೆಂಗಸರಲ್ಲಿ ಶೇ. 44ರಷ್ಟು ಮಂದಿ ಗಂಡನಿಂದ ಹಿಂಸೆ ಆಗಿದೆ ಅಂದರು. ನಿಮ್ಮ ಧಾರಾವಾಹಿ ನೋಡುತ್ತಾ ಅವನ ಪಕ್ಕವೇ ಕೂತಿರುವವಳು ಅವರಲ್ಲಿ ಒಬ್ಬಳಾಗಿರಬಹುದು. ಅವಳು ಆ ನಂಬರ್ ಬರೆದುಕೊಳ್ಳಲಾರಳು. ಅದಕ್ಕೆ ದಾರಿಯನ್ನು ಕಥೆಯೊಳಗೇ ತೋರಿಸಿ. ನೀವು ಒಂದೇ ದೃಶ್ಯ ಕೊಟ್ಟ ಅಂಗನವಾಡಿ ಟೀಚರ್ ಇದ್ದಾರಲ್ಲ, ಮಗುವನ್ನು ಬಿಡಲು ಸುಮಾ ದಿನಾ ಅಲ್ಲಿಗೆ ಹೋಗುತ್ತಾಳೆ, ಅವನಿಗೆ ಅನುಮಾನ ಬರದ ಒಂದೇ ಜಾಗ ಅದು. ಕೌಟುಂಬಿಕ ಹಿಂಸೆ ತಡೆಯುವ 2005ರ ಕಾಯ್ದೆಯಲ್ಲಿ ರಕ್ಷಣಾಧಿಕಾರಿ ಅಂತ ಇರುತ್ತಾರೆ, ನಮ್ಮ ರಾಜ್ಯದಲ್ಲಿ ಆ ಕೆಲಸ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳದ್ದು (ಸಿಡಿಪಿಒ), ಅಂದರೆ ಆ ಟೀಚರ್ ಮೇಲಧಿಕಾರಿಯದ್ದೇ. ಅವರ ಮೂಲಕ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಹೋಗಬಹುದು, ಮನೆಯಿಂದ ಅವಳನ್ನು ಹೊರಹಾಕದಂತೆ ಆದೇಶ ಕೇಳಬಹುದು. ‘ಸಹಿಸಿಕೋ ಇಲ್ಲಾ ಡೈವೋರ್ಸ್ ತಗೋ’ ಅಂತ ನಿಮ್ಮ ವಕೀಲ ಹೇಳುವುದು ಅರ್ಧ ಮಾತೂ ಅಲ್ಲ. ಆ ವಕೀಲನನ್ನು ತೆಗೆದು ಆ ಜಾಗ ಟೀಚರ್‌ಗೆ ಕೊಡಿ.

ಮೂರೂ ಕಂತು ಮತ್ತೆ ಬರೆಯಬೇಡಿ. ಮೊದಲನೆಯದನ್ನು ಮಾತ್ರ ಬರೆದು ಕಳಿಸಿ. ಇನ್‌ಸ್ಪೆಕ್ಟರ್ ಬೇಡ, ಮಳೆ ಬೇಡ. ಮಾತು ನಿಮ್ಮ ಗದಗಿನ ಮನೆಯಲ್ಲಿ ಆಡುವ ಹಾಗೇ ಇರಲಿ, ಬೆಂಗಳೂರಿನ ಧಾರಾವಾಹಿಯ ಮಾತು ಬೇಡ. ಚಪ್ಪಲಿಯ ದೃಶ್ಯ ಮೊದಲ ಪುಟಕ್ಕೆ ಬರಲಿ. ದೀಪಾವಳಿಯೊಳಗೆ ಬಂದರೆ ನಾನೇ ಕೂತು ಓದುತ್ತೇನೆ.