ಬೆನ್ನುಮೂಳೆಗೆ ಸಿಮೆಂಟ್: ಎಂಆರ್‌ಐ ಮೊದಲು ನೋಡಿ

ತಾಯಿ ಬಚ್ಚಲಲ್ಲಿ ಜಾರಿ ಬಿದ್ದು ಮೂರು ವಾರ ಆಗಿದೆ, ಎಲ್1 (ಸೊಂಟದ ಭಾಗದ ಮೊದಲ ಬೆನ್ನುಮೂಳೆ) ಕುಸಿದಿದೆ, ಕೈಫೋಪ್ಲಾಸ್ಟಿ ಮಾಡಿಸಬೇಕಾ ಅಂತ ಕೇಳಿದ್ದೀರಿ. ನಾನು ಡಾಕ್ಟರ್ ಅಲ್ಲ. ನಮ್ಮ ಅತ್ತೆಗೆ ಇದೇ ಆದಾಗ ತಿಳಿದದ್ದನ್ನು ಹೇಳುತ್ತೇನೆ.

ಕೈಫೋಪ್ಲಾಸ್ಟಿ ಅಂದರೆ ಬೆನ್ನು ಕೊಯ್ಯುವ ಆಪರೇಷನ್ ಅಲ್ಲ. ಎಕ್ಸ್‌ರೇಯಲ್ಲಿ ನೋಡುತ್ತಾ ದಪ್ಪ ಸೂಜಿ ಇಳಿಸಿ, ಪುಟ್ಟ ಬಲೂನು ಉಬ್ಬಿಸಿ, ಆದ ಜಾಗಕ್ಕೆ ಮೂಳೆ ಸಿಮೆಂಟ್ ತುಂಬುತ್ತಾರೆ. ಬಲೂನು ಇಲ್ಲದೆ ತುಂಬಿದರೆ ಅದು ವರ್ಟಿಬ್ರೋಪ್ಲಾಸ್ಟಿ.

ಈ ವರ್ಟಿಬ್ರೋಪ್ಲಾಸ್ಟಿ ಬಗ್ಗೆ 2009ರಲ್ಲಿ ಎರಡು ಅಧ್ಯಯನ ಬಂದವು. ಕೆಲವರಿಗೆ ನಿಜವಾಗಿ ಸಿಮೆಂಟ್ ತುಂಬಿದರು, ಉಳಿದವರಿಗೆ ಸುಮ್ನೆ ತುಂಬಿದ ಹಾಗೆ ಮಾಡಿದರು. ನೋವು ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಥರ ಇಳಿಯಿತು! ಆದರೆ 2016ರ ಇನ್ನೊಂದರಲ್ಲಿ, ಮೂಳೆ ಮುರಿದು ಆರು ವಾರದೊಳಗಿದ್ದು ತುಂಬಾ ನೋವಿದ್ದವರಿಗೆ ಲಾಭ ಕಂಡಿತು. ಇವತ್ತಿಗೂ ಡಾಕ್ಟರುಗಳಲ್ಲೇ ಒಮ್ಮತ ಇಲ್ಲ.

ಹಾಗಾಗಿ ಎಂಆರ್‌ಐಯಲ್ಲಿ ಮೂಳೆಯೊಳಗೆ ಊತ ಇದೆಯಾ ಕೇಳಿ. ಇದ್ದರೆ ಮುರಿತ ಹೊಸದು, ಇನ್ನೂ ಕೂಡಿಲ್ಲ. ಮಾತ್ರೆ, ಬೆಲ್ಟ್ ಹಾಕಿಕೊಂಡು ಓಡಾಡುತ್ತಿದ್ದಾರಾ? ನಾನಾದರೆ ಕಾಯುತ್ತೇನೆ. ಜಾಸ್ತಿ ಜನರಿಗೆ ಎರಡು ಮೂರು ತಿಂಗಳಲ್ಲಿ ತಾನಾಗಿಯೇ ಕೂಡುತ್ತದೆ. ನೋವಿಗೆ ಮಗ್ಗುಲು ಬದಲಿಸಲೂ ಆಗದಿದ್ದರೆ ಮಾತು ಬೇರೆ, ಮಾಡಿಸುವುದು ತಪ್ಪಲ್ಲ. ಸಿಮೆಂಟ್ ಆಚೀಚೆ ಸೋರುವ ಅಪಾಯದ ಬಗ್ಗೆಯೂ ಕೇಳಿ. ಕಾಲು ಬಲ ಕಳೆದುಕೊಂಡರೆ, ಮೂತ್ರ ಕಟ್ಟಿದರೆ ಮಾತ್ರ ತಡ ಮಾಡದೆ ಆಸ್ಪತ್ರೆಗೆ ಓಡಿ.

ಇನ್ನೊಂದು, ಡೆಕ್ಸಾ ಸ್ಕ್ಯಾನ್ (ಮೂಳೆ ಎಷ್ಟು ಗಟ್ಟಿ ಇದೆ ಅಂತ ನೋಡುವ ಪರೀಕ್ಷೆ) ಮಾಡಿಸಿ, ಮೂಳೆ ಸವೆತಕ್ಕೆ ಔಷಧಿ ಶುರು ಮಾಡಿಸಿ. ಅತ್ತೆಗೆ ಸಿಮೆಂಟ್ ತುಂಬಿ ಕಳಿಸಿದರು, ಇದನ್ನು ಯಾರೂ ಹೇಳಲಿಲ್ಲ. ಮರುವರ್ಷ ಮೇಲಿನ ಮೂಳೆಯೂ ಕುಸಿಯಿತು.